ಒಂದು ಮೆಗಾಹರ್ಟ್ಸ್ ಯಂತ್ರದಲ್ಲಿ ಇಷ್ಟೆಲ್ಲ ಹೇಗೆ ಸಾಧ್ಯ?

ಪ್ರಶ್ನೆ: ಗೆಳೆಯನೊಬ್ಬ ಕಮೊಡೋರ್ 64 ಅನ್ನೋ ಹಳೇ ಕಂಪ್ಯೂಟರಿನ ‘ಎಡ್ಜ್ ಆಫ್ ಡಿಸ್‌ಗ್ರೇಸ್’ ಡೆಮೊ ತೋರಿಸಿದ. ಆ ಯಂತ್ರದಲ್ಲಿ ಇದೆಲ್ಲ ಆಗೋ ಮಾತೇ ಅಲ್ಲ ಅಂತ ಅವನಿಗೆ ಬೆರಗು. ನನಗೆ ಬಣ್ಣದ ಚಿತ್ರ, ಚೆಂದದ ಸಂಗೀತ, ಅಷ್ಟೇ ಕಂಡಿತು. ಅಂಥದ್ದೇನಿದೆ ಅದರಲ್ಲಿ? (ಧಾರವಾಡದ ಓದುಗರು)

ಉತ್ತರ: ನಿಮ್ಮ ಗೆಳೆಯನ ಬೆರಗು ನ್ಯಾಯವಾದದ್ದೇ. ಡೆಮೊ ಅಂದರೆ ಒಂದು ಪ್ರೋಗ್ರಾಂ. ನೀವು ನೋಡಿದ್ದನ್ನೆಲ್ಲ ಆ ಯಂತ್ರ ಅದೇ ಕ್ಷಣದಲ್ಲಿ ಪರದೆಯ ಮೇಲೆ ಮೂಡಿಸುತ್ತಿತ್ತು. ಯಂತ್ರವಾದರೂ ಎಂಥದ್ದು? 1982ರದ್ದು. ಮೆಮೊರಿ 64 ಕಿಲೋಬೈಟ್, ಬಣ್ಣ 16, ಪ್ರೊಸೆಸರ್ ವೇಗ ಸುಮಾರು 1 ಮೆಗಾಹರ್ಟ್ಸ್. ಇವತ್ತು ವಾಟ್ಸ್ಯಾಪ್‌ನಲ್ಲಿ ಬರೋ ಗುಡ್ ಮಾರ್ನಿಂಗ್ ಚಿತ್ರ ಆ ಮೆಮೊರಿಯಲ್ಲಿ ಹಿಡಿಯುವುದೇ ಕಷ್ಟ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಯುರೋಪಿನಲ್ಲಿ ಮಾರಾಟವಾದ ಕಮೊಡೋರ್ ಸೆಕೆಂಡಿಗೆ 50 ಫ್ರೇಮ್ ತೋರಿಸುತ್ತದೆ. ಒಂದು ಫ್ರೇಮಿಗೆ ಪ್ರೊಸೆಸರ್‌ಗೆ ಸಿಗೋದು ಹೆಚ್ಚೆಂದರೆ 19,656 ಕ್ಲಾಕ್ ಸೈಕಲ್, ಅಂದರೆ ಅದರ ಗಡಿಯಾರದ ಅಷ್ಟು ಮಿಡಿತ. 320×200 ಚುಕ್ಕಿಗಳ ಪರದೆಗೆ 8,000 ಬೈಟ್ ಬೇಕು. ಒಂದು ಬೈಟನ್ನು ಪರದೆಯ ಮೆಮೊರಿಗೆ ಬರೆಯಲು ಕಡಿಮೆ ಅಂದರೂ 4 ಸೈಕಲ್, ಅಂದರೆ ಪರದೆಯನ್ನು ಪೂರ್ತಿ ಒಂದು ಸಲ ತುಂಬಿಸೋಕೇ 32,000 ಸೈಕಲ್! ಒಂದು ಫ್ರೇಮಿನಲ್ಲಿ ಪರದೆ ಅಳಿಸೋಕೂ ಪುರಸೊತ್ತಿಲ್ಲದ ಯಂತ್ರದಲ್ಲಿ ಎಲ್ಲವೂ ನುಣುಪಾಗಿ ಓಡುತ್ತಿದೆ ಅಂದರೆ, ಬರೆದವರು ಬೇರೇನೋ ದಾರಿ ಹುಡುಕಿದ್ದಾರೆ ಅಂತ ಅರ್ಥ, ಅಲ್ವಾ?

ಅಂಥ ಒಂದು ದಾರಿ ನೋಡಿ. ಕಮೊಡೋರ್ ಪರದೆಯ ಸುತ್ತ ದಪ್ಪ ಬಾರ್ಡರ್ ಇರುತ್ತದೆ. ಅಲ್ಲಿ ಏನೂ ಬರೆಯಲಾಗುವುದಿಲ್ಲ ಅನ್ನೋದು ಯಂತ್ರದ ಕಟ್ಟಳೆ. ಪರದೆಯಲ್ಲಿ 25 ಸಾಲು ಅಕ್ಷರ ಬೇಕೋ 24 ಸಾಲು ಬೇಕೋ ಅಂತ ಆರಿಸೋ ಒಂದು ಬಿಟ್ (0 ಅಥವಾ 1 ಆಗುವ ಸ್ವಿಚ್) ಇದೆ. 24 ಅಂದರೆ ಚಿತ್ರದ ಚಿಪ್ 247ನೇ ಗೆರೆಗೆ ಬಂದಾಗ ಬಾರ್ಡರ್ ಶುರು ಮಾಡುತ್ತದೆ, 25 ಅಂದರೆ 251ನೇ ಗೆರೆಯಲ್ಲಿ. ಈಗ 25 ಅಂತ ಇಟ್ಟುಕೊಂಡೇ 247 ದಾಟಿಸಿ, 251 ಬರುವಷ್ಟರಲ್ಲಿ 24ಕ್ಕೆ ಬದಲಾಯಿಸಿದರೆ? ಒಂದು ಗಡಿ ಆಗಲೇ ಹಿಂದೆ ಹೋಗಿದೆ, ಇನ್ನೊಂದು ಲೆಕ್ಕಕ್ಕೇ ಇಲ್ಲ. ಚಿಪ್ ಬಾರ್ಡರ್ ಹಾಕುವುದನ್ನೇ ಮರೆಯುತ್ತದೆ, ಆ ಜಾಗದಲ್ಲಿ ಸ್ಪ್ರೈಟ್ ಎಂಬ ಪುಟ್ಟ ಚಲಿಸುವ ಚಿತ್ರಗಳು ಓಡಾಡತೊಡಗುತ್ತವೆ. ಎಡ ಬಲದ ಬಾರ್ಡರ್ ತೆರೆಯಲು ಇದೇ ಉಪಾಯವನ್ನು ಪ್ರತಿ ಗೆರೆಯಲ್ಲೂ ಮಾಡಬೇಕು. ಒಂದು ಗೆರೆಗೆ 63 ಸೈಕಲ್. ಅದರಲ್ಲಿ ಸರಿಯಾದ ಒಂದೇ ಒಂದು ಸೈಕಲ್‌ಗೆ ಬಿಟ್ ಬದಲಾಗಬೇಕು, ಒಂದು ಹಿಂದೆ ಮುಂದೆ ಆದರೂ ಬಾರ್ಡರ್ ಮುಚ್ಚಿಕೊಳ್ಳುತ್ತದೆ. ಇದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಹವ್ಯಾಸಿ ಹುಡುಗರು ತಾವೇ ಕೆದಕಿ ಕೆದಕಿ ಕಂಡುಕೊಂಡದ್ದು.

ಬೂಜ್ ಡಿಸೈನ್ ಎಂಬ ತಂಡ ‘ಎಡ್ಜ್ ಆಫ್ ಡಿಸ್‌ಗ್ರೇಸ್’ ಬಿಡುಗಡೆ ಮಾಡಿದ್ದು 2008ರಲ್ಲಿ, ನೆದರ್ಲೆಂಡ್ಸ್‌ನಲ್ಲಿ ಡೆಮೊ ಬರೆಯುವವರು ಸೇರುವ ‘ಎಕ್ಸ್’ ಎಂಬ ಕೂಟದಲ್ಲಿ. ಯಂತ್ರಕ್ಕೆ ಆಗ 26 ವರ್ಷ. ಇನ್ನೊಂದು ಸಲ ನೋಡುವಾಗ ಒಂದು ವಿಷಯ ಗಮನಿಸಿ: ಸಂಗೀತ ನಿಲ್ಲುವುದಿಲ್ಲ. ಒಂದು ದೃಶ್ಯ ಓಡುತ್ತಿರುವಾಗಲೇ ಮುಂದಿನದು ಫ್ಲಾಪಿಯಿಂದ ಸದ್ದಿಲ್ಲದೆ ಒಳಗೆ ಬರುತ್ತಿರುತ್ತದೆ. ಮೊದಲೇ ಕಡಿಮೆ ಇರುವ ಸಮಯದಲ್ಲಿ ಅದಕ್ಕೂ ಪಾಲು ಕೊಡಬೇಕು. ನನಗಂತೂ ಇದೇ ದೊಡ್ಡ ಸಾಧನೆ.

ಪ್ರಶ್ನೆ: ಡೆಮೊ ಹುಟ್ಟಿದ್ದು ಗೇಮ್ ಕದಿಯುವವರಿಂದ ಅಂತಾರೆ. ನಿಜವೇ?

ಉತ್ತರ: ನಿಜ. 80ರ ದಶಕದಲ್ಲಿ ಗೇಮ್‌ಗಳ ಕಾಪಿ ಪ್ರೊಟೆಕ್ಷನ್ (ನಕಲು ತಡೆಯುವ ಬೀಗ) ಒಡೆದವರು ಗೇಮ್ ಶುರುವಾಗುವ ಮೊದಲು ತಮ್ಮ ತಂಡದ ಹೆಸರು ಬರುವ ಸಣ್ಣ ತುಣುಕು ಸೇರಿಸುತ್ತಿದ್ದರು. ಯಾರ ತುಣುಕು ಚೆನ್ನ ಅನ್ನೋ ಪೈಪೋಟಿ ಬೆಳೆದು, ಕೊನೆಗೆ ಗೇಮ್ ಬಿಟ್ಟು ತುಣುಕೇ ಉಳಿಯಿತು. ನಮ್ಮ ದೇಶದ ಕೆಲವು ಶಾಲೆಗಳಿಗೂ 1984ರ ಹೊತ್ತಿಗೆ ‘ಕ್ಲಾಸ್’ ಎಂಬ ಸರ್ಕಾರಿ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಬಿಬಿಸಿ ಮೈಕ್ರೊ ಕಂಪ್ಯೂಟರ್ ಬಂದಿತ್ತು. ಆದರೆ ರಾತ್ರಿಯಿಡೀ ಕೂತು ಕೆದಕಲು ಮನೆಯಲ್ಲೇ ಒಂದು ಯಂತ್ರ ಇರಬೇಕು, ಅದು ಯುರೋಪಿನ ಹುಡುಗರಿಗೆ ಇತ್ತು. ಈಗ ಆ ಕಳಂಕವೇನೂ ಉಳಿದಿಲ್ಲ. ಫಿನ್ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ಡೆಮೊ ಕಲೆಯನ್ನು ತಮ್ಮ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿವೆ.

ಪ್ರಶ್ನೆ: ಹೊಸಬರು ಮೊದಲು ಯಾವುದನ್ನು ನೋಡಬೇಕು? ಯಂತ್ರ ಇಲ್ಲದಿದ್ದರೆ ಅದರಂತೆಯೇ ನಡೆದುಕೊಳ್ಳುವ ಎಮ್ಯುಲೇಟರ್ ಪ್ರೋಗ್ರಾಂ ಸಾಕೇ?

ಉತ್ತರ: ‘ಸ್ಟೇಟ್ ಆಫ್ ದಿ ಆರ್ಟ್’ನಿಂದ ಶುರು ಮಾಡಿ. ನಾರ್ವೆಯ ಸ್ಪೇಸ್‌ಬಾಲ್ಸ್ ತಂಡದ್ದು, ಅಮಿಗಾ ಕಂಪ್ಯೂಟರಿಗೆ. 1992ರ ಡಿಸೆಂಬರಿನಲ್ಲಿ ಡೆನ್ಮಾರ್ಕಿನ ‘ದಿ ಪಾರ್ಟಿ’ ಕೂಟದಲ್ಲಿ ಗೆದ್ದಿತು. ಕುಣಿಯುವವರ ನೆರಳಿನಂಥ ಆಕೃತಿಗಳು ತಾಳಕ್ಕೆ ಸರಿಯಾಗಿ ಬದಲಾಗುತ್ತಾ ಹೋಗುತ್ತವೆ. ಒಂದು ಫ್ಲಾಪಿಗೆ 880 ಕಿಲೋಬೈಟ್, ಅದರಲ್ಲಿ ವಿಡಿಯೊ ಎಲ್ಲಿಂದ ಹಿಡಿಯಬೇಕು? ಕುಣಿತವನ್ನು ಚಿತ್ರೀಕರಿಸಿ, ಮೈಯ ಅಂಚನ್ನು ಬಿಂದುಗಳಾಗಿ ಗುರುತು ಮಾಡಿ, ಬರೀ ಆ ಬಿಂದುಗಳನ್ನು ಇಟ್ಟುಕೊಂಡರು. ಗೆರೆ ಎಳೆದು ಒಳಗೆ ಬಣ್ಣ ತುಂಬುವ ಕೆಲಸ ಅಮಿಗಾದಲ್ಲಿ ಚಿತ್ರ ಬಿಡಿಸಲೆಂದೇ ಇರುವ ಬ್ಲಿಟರ್ ಎಂಬ ಸರ್ಕಿಟ್‌ನದು. ಇದರಲ್ಲಿ ನಿಜವಾದ ಕೋಡಿಂಗ್ ಏನಿದೆ, ಬರೀ ಅನಿಮೇಷನ್ ಅಲ್ವಾ ಅಂತ ಆಗ ಹಲವರು ಸಿಡುಕಿದ್ದರು. ಆ ಮಾತು ನನಗೆ ಒಪ್ಪಿಗೆಯಿಲ್ಲ. ಡೆಮೊಗೆ ನೋಟವೂ ಲಯವೂ ಬೇಕು ಅಂತ ತೋರಿಸಿಕೊಟ್ಟದ್ದು ಇದೇ.

ಆಮೇಲೆ ‘ಎ ಮೈಂಡ್ ಈಸ್ ಬಾರ್ನ್’. ಸ್ವೀಡನ್ನಿನ ಲೀನಸ್ ಓಕೆಸೊನ್ 2017ರಲ್ಲಿ ಮಾಡಿದ್ದು, ಮತ್ತೆ ಕಮೊಡೋರ್ 64. ಎರಡು ನಿಮಿಷಕ್ಕೂ ಜಾಸ್ತಿ ಸಂಗೀತ, ಚಿತ್ರ, ಎಲ್ಲ ಸೇರಿ 256 ಬೈಟ್. ಕನ್ನಡದ ಒಂದು ‘ಕ’ ಇಡೋಕೇ ಇವತ್ತಿನ ಕಂಪ್ಯೂಟರ್‌ಗಳು ಅಕ್ಷರ ಇಡುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು, ಅಂದರೆ 256 ಬೈಟ್‌ನಲ್ಲಿ ನೀವೀಗ ಓದುತ್ತಿರುವ ಈ ವಾಕ್ಯವೂ ಪೂರ್ತಿ ಹಿಡಿಯೋದಿಲ್ಲ.

ಮೂರನೆಯದು ‘8088 ಎಂಪಿಎಚ್’, 2015ರಲ್ಲಿ ಜರ್ಮನಿಯ ರಿವಿಷನ್ ಕೂಟದಲ್ಲಿ ಬಂದದ್ದು. ಐಬಿಎಂನ ಮೊದಲ ಪಿಸಿ, 4.77 ಮೆಗಾಹರ್ಟ್ಸ್, ಗ್ರಾಫಿಕ್ಸ್ ಮೋಡಿನಲ್ಲಿ ಸಾಮಾನ್ಯವಾಗಿ 4 ಬಣ್ಣ ತೋರಿಸುವ ಸಿಜಿಎ ಕಾರ್ಡ್. ಅದರ ಕಾಂಪೊಸಿಟ್ ಟಿವಿ ಸಿಗ್ನಲ್ ಬಳಸಿಕೊಂಡು 1,024 ಬಣ್ಣ ತೆಗೆದರು. ಕೊನೆಯಲ್ಲಂತೂ ಸುಮ್ನೆ ಬೀಪ್ ಅನ್ನೋ ಪಿಸಿ ಸ್ಪೀಕರಿನಿಂದ ನಾಲ್ಕು ಚಾನೆಲ್ ಸಂಗೀತ! ಇದನ್ನು ಮಾತ್ರ ನಿಜವಾದ ಯಂತ್ರದಿಂದ ರೆಕಾರ್ಡ್ ಮಾಡಿದ ವಿಡಿಯೊದಲ್ಲೇ ನೋಡಿ, ಬಿಡುಗಡೆಯಾದಾಗ ಇದ್ದ ಎಮ್ಯುಲೇಟರ್‌ಗಳು ಇದರ ಮುಂದೆ ಕೈಚೆಲ್ಲಿದ್ದವು. ಕಮೊಡೋರ್ ಡೆಮೊಗಳಿಗೆ ವೈಸ್ ಎಂಬ ಉಚಿತ ಎಮ್ಯುಲೇಟರ್ ಧಾರಾಳವಾಗಿ ಸಾಕು. ಸೆಟ್ಟಿಂಗ್‌ನಲ್ಲಿ ಪಾಲ್ (PAL, ಯುರೋಪಿನ ಟಿವಿ ಪದ್ಧತಿ) ಅಂತ ಇದೆಯೇ ನೋಡಿಕೊಳ್ಳಿ, ಅಮೆರಿಕದ ಎನ್‌ಟಿಎಸ್‌ಸಿ (NTSC) ಇದ್ದರೆ ಗೆರೆ ಮತ್ತು ಸೈಕಲ್ ಲೆಕ್ಕ ತಪ್ಪಿ ಯುರೋಪಿನ ಬಹಳಷ್ಟು ಡೆಮೊಗಳು ಸರಿಯಾಗಿ ಓಡುವುದಿಲ್ಲ.