ನಿಮ್ಮ ಕಥೆಯ ಹುಡುಗಿಗೆ ಎಲ್ಲ ಲಕ್ಷಣಗಳೂ ಬೇಡ

ಆತ್ಮೀಯರೇ,

ಟರ್ನರ್ ಸಿಂಡ್ರೋಮ್ (ಹುಡುಗಿಯರಲ್ಲಿ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದು ಪೂರ್ತಿಯಾಗಿಯೋ ಭಾಗಶಃವೋ ಇಲ್ಲದಿರುವ ಹುಟ್ಟು ಸ್ಥಿತಿ) ಇರುವ ಶ್ರೀನಿವಾಸಪುರದ ಹುಡುಗಿಯ ಕಥೆ ಓದಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡುವ ಕಥೆಯೂ ಅಲ್ಲ. ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಎಣಿಸುತ್ತಲೇ ಅಪ್ಪ ಫೋನಿನಲ್ಲಿ ರಿಪೋರ್ಟ್ ಕೇಳಿಸಿಕೊಳ್ಳುವ ಪುಟವನ್ನು ಮುಟ್ಟಲೇಬೇಡಿ.

ತೊಡಕಿರುವುದು ಹುಡುಗಿಯ ವರ್ಣನೆಯಲ್ಲಿ. ಗಿಡ್ಡ ಮೈ, ಕತ್ತಿನ ಎರಡೂ ಬದಿ ಚರ್ಮದ ಮಡಿಕೆ, ಅಗಲ ಎದೆ, ಹೊರಕ್ಕೆ ಬಾಗಿದ ಮೊಣಕೈ, ಊದಿದ ಪಾದ, ಹೀಗೆ ವೈದ್ಯಕೀಯ ಪುಸ್ತಕದ ಪಟ್ಟಿಯನ್ನೆಲ್ಲ ಒಬ್ಬಳ ಮೇಲೇ ಹೇರಿದ್ದೀರಿ. ಎಲ್ಲವೂ ಒಬ್ಬರಲ್ಲೇ ಕಾಣುವುದು ಅಪರೂಪ. ಕೆಲವೇ ಜೀವಕೋಶಗಳಲ್ಲಿ ಎಕ್ಸ್ ವರ್ಣತಂತು ಕಳೆದುಹೋಗಿರುವ ಮೊಸಾಯಿಕ್ ಹುಡುಗಿಯರಲ್ಲಂತೂ ಎತ್ತರ ಕಡಿಮೆ ಅನ್ನುವುದು ಬಿಟ್ಟರೆ ಹೊರಗೆ ಏನೂ ಗೊತ್ತಾಗದೇ ಇರಬಹುದು. ಎರಡನ್ನು ಆರಿಸಿಕೊಂಡು ಚೆನ್ನಾಗಿ ತೋರಿಸಿ. ಪಾದದ ಊತಕ್ಕೂ ಕತ್ತಿನ ಮಡಿಕೆಗೂ ಮೂಲ ಒಂದೇ: ಗರ್ಭದಲ್ಲಿ ದುಗ್ಧರಸ ನಾಳಗಳು (ಮೈಯ ಹೆಚ್ಚುವರಿ ದ್ರವವನ್ನು ರಕ್ತಕ್ಕೆ ಮರಳಿಸುವ ನಾಳಗಳು) ಸರಿಯಾಗಿ ಬೆಳೆಯದೆ ದ್ರವ ನಿಂತಿರುತ್ತದೆ. ನಾಮಕರಣದ ದಿನ ಬೆಳ್ಳಿ ಕಾಲ್ಗಡಗ ಉಬ್ಬಿದ ಪಾದ ದಾಟಲಿಲ್ಲ, ಅಜ್ಜಿ "ಗುಂಡುಗುಂಡಗೈತೆ ಕೂಸು" ಅಂತ ಹಿಗ್ಗಿದಳು, ಅಷ್ಟು ಸಾಕು. ಆ ಊತ ಸಾಮಾನ್ಯವಾಗಿ ಎರಡು ವರ್ಷದೊಳಗೆ ಇಳಿಯುತ್ತದೆ, ಮನೆಯವರು ಮರೆಯುತ್ತಾರೆ. ಮತ್ತೆ ಅನುಮಾನ ಹುಟ್ಟುವುದು ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ, ತಂಗಿ ಅಕ್ಕನಿಗಿಂತ ಹಿಂದೆ ನಿಲ್ಲತೊಡಗಿದಾಗ.

ನಿಮ್ಮ ಡಾಕ್ಟರು ಕತ್ತು ನೋಡಿಯೇ ನಿರ್ಧರಿಸಿ, ರಕ್ತದ ರಿಪೋರ್ಟನ್ನು ಸಂಜೆಗೇ ಕೊಡುತ್ತಾರೆ. ರೋಗ ಖಚಿತಪಡಿಸುವ ವರ್ಣತಂತು ಪರೀಕ್ಷೆ, ಕ್ಯಾರಿಯೋಟೈಪ್, ಹಾಗಾಗುವುದಿಲ್ಲ. ಹೆಪ್ಪುಗಟ್ಟದಂತೆ ಹೆಪಾರಿನ್ ಟ್ಯೂಬಿನಲ್ಲಿ ಹಿಡಿದ ರಕ್ತದಲ್ಲಿರುವ ಬಿಳಿ ರಕ್ತಕಣಗಳನ್ನು ಸುಮಾರು 72 ಗಂಟೆ ಬೆಳೆಸಿ, ವಿಭಜನೆಯ ನಡುವೆ ತಡೆದು, ಬಣ್ಣ ಕೊಟ್ಟು ವರ್ಣತಂತು ಎಣಿಸಬೇಕು. ರಿಪೋರ್ಟಿಗೆ ಎರಡು ಮೂರು ವಾರ ಹಿಡಿಯುತ್ತದೆ. ಆ ಕಾಯುವಿಕೆಯನ್ನು ಕಥೆ ಬಳಸಿಕೊಳ್ಳಲಿ.

ಚಿಕಿತ್ಸೆ ತಲೆಕೆಳಗಾಗಿದೆ. 12ಕ್ಕೆ ಈಸ್ಟ್ರೊಜೆನ್ (ಹುಡುಗಿಯರು ಮೈನೆರೆಯಲು ಬೇಕಾದ ಹಾರ್ಮೋನ್) ಶುರುಮಾಡಿ, 19ಕ್ಕೆ ಬೆಳವಣಿಗೆಯ ಹಾರ್ಮೋನ್ ಚುಚ್ಚಿಸಿ ಎತ್ತರ ಮಾಡಿಸಿದ್ದೀರಿ. ಮೂಳೆಯ ಬೆಳವಣಿಗೆಯ ತುದಿಗಳನ್ನು ಕೂಡಿಸಿ ಮುಚ್ಚುವುದೇ ಈಸ್ಟ್ರೊಜೆನ್. ಆಮೇಲೆ ಇಂಜೆಕ್ಷನ್ ಎಷ್ಟು ಕೊಟ್ಟರೂ ಎತ್ತರ ಬರುವುದಿಲ್ಲ. ಇಂಜೆಕ್ಷನ್ ಚಿಕ್ಕಂದಿನಲ್ಲೇ ಶುರುವಾಗಬೇಕು, ದಿನಾ ರಾತ್ರಿ. ಈಸ್ಟ್ರೊಜೆನ್ 11-12ರ ಹೊತ್ತಿಗೆ ಸಣ್ಣ ಪ್ರಮಾಣದಲ್ಲಿ ಆರಂಭಿಸಿ ಎರಡು ಮೂರು ವರ್ಷದಲ್ಲಿ ಏರಿಸುತ್ತಾರೆ. ಬೆಳವಣಿಗೆಯ ಹಾರ್ಮೋನ್ ತುಂಬಿದ ಇಂಜೆಕ್ಷನ್ ಪೆನ್ನನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿಗೆ ತಾಗಿ ಗಟ್ಟಿಯಾದರೆ ಎಸೆಯಬೇಕು. ಕರೆಂಟ್ ಹೋಗುವ ಹಳ್ಳಿಯಲ್ಲಿ ತಾಯಿಯ ದಿನ ಹೇಗಿರುತ್ತದೆ, ಅದನ್ನು ಬರೆಯಿರಿ.

ಇವಳನ್ನು ದಡ್ಡಿ ಮಾಡಬೇಡಿ. ಬುದ್ಧಿ ಸಾಮಾನ್ಯವಾಗಿ ಎಲ್ಲರಷ್ಟೇ ಇರುತ್ತದೆ. ರೇಖಾಗಣಿತ, ನಕಾಶೆ ಕಷ್ಟವಾಗಬಹುದು.

ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೆ ಹೀಗಾಯಿತೆಂದು ಅತ್ತೆ ಸೊಸೆಯನ್ನು ಬೈಯುವುದು ಇರಲಿ, ಕಥೆ ಅದಕ್ಕೆ ತಲೆಯಾಡಿಸುವುದು ಬೇಡ. ಇದು ಯಾರ ತಪ್ಪಿನಿಂದಲೂ ಆಗುವುದಲ್ಲ. ಒಂದೇ ಎಕ್ಸ್ ಇರುವ ಹುಡುಗಿಯರಲ್ಲಿ ಉಳಿದಿರುವುದು ಹೆಚ್ಚಾಗಿ ತಾಯಿಯದು, ಕಳೆದುಹೋಗಿರುವುದು ತಂದೆಯ ಕಡೆಯದು. ಇದನ್ನು ಹೇಳುವ ಡಾಕ್ಟರಮ್ಮನಿಗೆ ನಾಲ್ಕು ಸಾಲು ಕೊಡಿ.

ಕೊನೆಗೆ, ಹೃದಯದ ಪರೀಕ್ಷೆಯೇ ಇಲ್ಲ. ಈ ರೋಗದಲ್ಲಿ ಕೆಲವರಿಗೆ ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಕಿರಿದಾಗಿರುತ್ತದೆ. ಹಾಗಿದ್ದರೆ ಕೈಯಲ್ಲಿ ಬಿಪಿ ಹೆಚ್ಚು, ಕಾಲಲ್ಲಿ ಕಡಿಮೆ. ತೊಡೆಸಂದಿನ ನಾಡಿ ಕ್ಷೀಣ. ರೋಗ ಗೊತ್ತಾದ ಕೂಡಲೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೇಬೇಕು. ಆ ದೃಶ್ಯ ಸೇರಿಸಿ, ಒಬ್ಬ ಮಕ್ಕಳ ತಜ್ಞರಿಗೆ ಓದಿಸಿ, ಕಥೆಯನ್ನು ನನಗೇ ಕಳಿಸಿ.