ಕೊಳೆರೋಗದ ಬೂಷ್ಟು 40ಎಕ್ಸ್‌ನಲ್ಲಿ ಮಸುಕಾಗಿ ಕಾಣುವುದಕ್ಕೆ ಉತ್ತರ

ಕೊಳೆ ಬಂದ ಅಡಿಕೆಯ ಬಿಳಿ ಬೂಷ್ಟು ಸೂಕ್ಷ್ಮದರ್ಶಕದ 10ಎಕ್ಸ್‌ನಲ್ಲಿ ಎಳೆಎಳೆಯಾಗಿ ಕಾಣುತ್ತದೆ, 40ಎಕ್ಸ್‌ಗೆ ತಿರುಗಿಸಿದರೆ ಬರೀ ಮಂಜು, 25ಎಕ್ಸ್ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ತರಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ತರಿಸಬೇಡಿ. ನಿಮಗೆ ಕಡಿಮೆ ಬಿದ್ದಿರುವುದು ದೊಡ್ಡದು ಮಾಡುವ ಶಕ್ತಿಯಲ್ಲ.

40ಎಕ್ಸ್ ಆಬ್ಜೆಕ್ಟಿವ್ (ಸ್ಲೈಡಿನ ಕಡೆಗಿರುವ ಲೆನ್ಸ್) ಮೇಲೆ 0.65 ಎಂದು ಬರೆದಿರುತ್ತದೆ ನೋಡಿ. ಅದು ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎನ್ನುವ ಅಳತೆ. ಹಸಿರು ಬೆಳಕಿನಲ್ಲಿ ಅದು ಬಿಡಿಸಿ ತೋರಿಸಬಲ್ಲದ್ದು ಸುಮಾರು ಅರ್ಧ ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಅಂತರದವರೆಗೆ ಮಾತ್ರ. ಆ 0.65 ಅನ್ನು ಸಾವಿರದಿಂದ ಗುಣಿಸಿದರೆ ಬರುವ 650 ಪಟ್ಟು ಉಪಯೋಗಕ್ಕೆ ಬರುವ ಗರಿಷ್ಠ ವರ್ಧನೆ. 25ಎಕ್ಸ್ ಐಪೀಸ್ ಹಾಕಿದರೆ 40 ಗುಣಿಸು 25, ಸಾವಿರ ಪಟ್ಟು ಆಗುತ್ತದೆ, ಆದರೆ ಅದೇ ಮಸುಕು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಬೀಜಕ ಚೀಲಗಳು ಸಾಮಾನ್ಯವಾಗಿ 30ರಿಂದ 50 ಮೈಕ್ರಾನ್ ಇರುತ್ತವೆ. ನಿಮ್ಮಲ್ಲಿರುವ 10ಎಕ್ಸ್ ಐಪೀಸೇ ಅವಕ್ಕೆ ಧಾರಾಳ.

ಮೊದಲು ಸ್ಲೈಡ್ ತಲೆಕೆಳಗಾಗಿದೆಯೇ ನೋಡಿ. ಕವರ್ ಸ್ಲಿಪ್ (ಮಾದರಿಯನ್ನು ಮುಚ್ಚುವ ತೆಳು ಗಾಜು) ಮೇಲೆ ಇರಬೇಕು. ಕೆಳಗಾದರೆ ಮಧ್ಯೆ 1 ಮಿಲಿಮೀಟರ್ ಗಾಜು ಬರುತ್ತದೆ; 10ಎಕ್ಸ್ ಅದನ್ನು ಸಹಿಸಿಕೊಳ್ಳುತ್ತದೆ, 40ಎಕ್ಸ್‌ಗೆ ಫೋಕಸ್ಸೇ ಸಿಗುವುದಿಲ್ಲ. ಈ ಲೆನ್ಸ್ ಲೆಕ್ಕ ಹಾಕಿರುವುದು 0.17 ಮಿಲಿಮೀಟರ್ ಕವರ್ ಸ್ಲಿಪ್‌ಗೆ. ಹಾಗಾಗಿ ಎರಡು ಸ್ಲಿಪ್ ಅಂಟಿಕೊಂಡು ಬಂದಿದ್ದರೂ ಚಿತ್ರ ಕೆಡುತ್ತದೆ.

ಅದು ಸರಿಯಿದ್ದರೆ ಲೆನ್ಸ್ ತುದಿಯನ್ನು ಪರೀಕ್ಷಿಸಿ. ಹಸಿ ಸ್ಲೈಡಿನಲ್ಲಿ ನೀರು ಹೆಚ್ಚಾದರೆ 40ಎಕ್ಸ್ ಮೂತಿ ಅದಕ್ಕೆ ತಾಗಿ, ಒಣಗಿ ಪೊರೆ ಕಟ್ಟುತ್ತದೆ. "ಮಂಜು" ಎಂದವರಲ್ಲಿ ಬಹಳ ಮಂದಿಯ ತೊಂದರೆ ಇದೇ. ಲೆನ್ಸ್ ಪೇಪರಿಗೆ ಒಂದು ಹನಿ ಡಿಸ್ಟಿಲ್ಡ್ ವಾಟರ್ ಹಾಕಿ ಮೆಲ್ಲಗೆ ಒರೆಸಿ. ಅಂಗಿಯ ತುದಿ ಬೇಡವೇ ಬೇಡ.

ಇನ್ನು ಬೆಳಕು, ಮುಖ್ಯವಾದದ್ದು ಇದೇ. ಬ್ರೈಟ್ ಫೀಲ್ಡ್‌ನಲ್ಲಿ (ಸಾಮಾನ್ಯ ಸೂಕ್ಷ್ಮದರ್ಶಕದ ವಿಧಾನ) ಬೆಳಕು ಕೆಳಗಿನಿಂದ ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಲೆನ್ಸ್) ದಾಟಿ, ವಸ್ತುವಿನ ಮೂಲಕ ಹಾದು ಮೇಲೆ ಬರುತ್ತದೆ. ವಸ್ತು ಬೆಳಕನ್ನು ಹೀರಿದಷ್ಟೂ ಕಪ್ಪಾಗಿ ಕಾಣುತ್ತದೆ. ಬೂಷ್ಟಿನ ಎಳೆ ನೀರಿನಷ್ಟೇ ಪಾರದರ್ಶಕ, ಹೀರುವುದು ಅತ್ಯಲ್ಪ. ಬೆಳಕು ಪೂರ್ತಿ ತೆರೆದಿಟ್ಟರೆ ಅದು ಬೆಳಕಿನಲ್ಲೇ ಕರಗಿಹೋಗುತ್ತದೆ. ಕಂಡೆನ್ಸರ್ ಅನ್ನು ಸ್ಲೈಡ್ ಇಡುವ ಸ್ಟೇಜಿನ ಹತ್ತಿರಕ್ಕೆ ಏರಿಸಿ. 40ಎಕ್ಸ್‌ನಲ್ಲಿ ಫೋಕಸ್ ಮಾಡಿ, ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿ. ಬೆಳಕಿನ ವೃತ್ತದ ಮುಕ್ಕಾಲು ಭಾಗ ಉಳಿಯುವಷ್ಟು ಐರಿಸ್ (ಕಂಡೆನ್ಸರಿನಲ್ಲಿ ಕಿರಿದು ಹಿರಿದು ಮಾಡಬಲ್ಲ ಕಿಂಡಿ) ಮುಚ್ಚಿ. ಇನ್ನೂ ಮುಚ್ಚಿದರೆ ಅಂಚುಗಳು ಎದ್ದು ಕಾಣುತ್ತವೆ, ಆದರೆ ಸೂಕ್ಷ್ಮ ವಿವರ ಹೋಗಿ, ಇಲ್ಲದ ಗೆರೆಗಳು ಹುಟ್ಟುತ್ತವೆ. ಪ್ರಖರತೆ ಕಡಿಮೆ ಮಾಡಲು ದೀಪದ ಗುಂಡಿ ಬಳಸಿ, ಐರಿಸ್ ಅಲ್ಲ.

ಮಾದರಿಗೆ ಹೊಸದಾಗಿ ಕೊಳೆತ ಕಾಯಿ ತನ್ನಿ. ಒದ್ದೆ ಹತ್ತಿ ಇಟ್ಟ ಡಬ್ಬಿಯಲ್ಲಿ ಒಂದೆರಡು ದಿನ ಮುಚ್ಚಿಡಿ. ಸೂಜಿಯ ಮೊನೆಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ತುಣುಕು ಸಾಕು. ದಪ್ಪಗಾದರೆ ಪದರದ ಮೇಲೆ ಪದರ ಬಿದ್ದು ಮತ್ತೆ ಮಸುಕು. ಒಂದು ಹನಿ ಬಾವಿ ನೀರಿನಲ್ಲಿ ಬಿಡಿಸಿ, ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿ, ಅಂಚಿನ ನೀರನ್ನು ಟಿಶ್ಯೂವಿನಿಂದ ಹೀರಿ. ಬೋರ್ಡೋ ದ್ರಾವಣ (ತಾಮ್ರದ ಸಿಂಪಡಣೆ) ಮುಟ್ಟಿದ ಪಾತ್ರೆ ಬೇಡ, ತಾಮ್ರಕ್ಕೆ ಚೀಲದಿಂದ ಹೊರಬರುವ ಈಜುವ ಬೀಜಕಗಳು ಸಾಯುತ್ತವೆ.

ಅಡ್ಡಗೋಡೆ ಇಲ್ಲದ ಎಳೆ, ನಿಂಬೆ ಆಕಾರದ ಚೀಲ, ಅದರ ತುದಿಯಲ್ಲಿ ಸಣ್ಣ ಉಬ್ಬು ಕಂಡರೆ ಫೈಟಾಫ್ತೊರಾ ಎಂದು ಬಲವಾಗಿ ಶಂಕಿಸಬಹುದು. ಎಳೆಯಲ್ಲಿ ಅಡ್ಡಗೋಡೆಗಳು, ಕುಡುಗೋಲಿನಂಥ ಬೀಜಕಗಳು ಕಂಡರೆ ಅದು ಫ್ಯುಸೇರಿಯಂ ಎಂಬ ಬೇರೆ ಬೂಷ್ಟಿನ ತರಹದ್ದು, ಕೊಳೆತ ಕಾಯಿಗೆ ಆಮೇಲೆ ಬಂದು ಸೇರಿಕೊಂಡಿರಬಹುದು. ಹೊಸ ಕಾಯಿಯಿಂದ ಮತ್ತೆ ನೋಡಿ.

ಜೀವಂತವಾಗಿ ನೋಡಿದ ಮೇಲೆ ಇನ್ನೊಂದು ಸ್ಲೈಡಿಗೆ ನೀರಿನ ಬದಲು ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಎಂಬ ಬಣ್ಣ ಹಾಕಿ. ಎಳೆಗಳು ನೀಲಿಯಾಗಿ ಎದ್ದು ನಿಲ್ಲುತ್ತವೆ. ಅದರಲ್ಲಿ ಫಿನಾಲ್ ಇದೆ, ಚರ್ಮ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ.

ಅಳತೆಗೆ ಒಂದು ಉಪಾಯ: ಐಪೀಸ್ ಮೇಲೆ 18 (ಮಿಲಿಮೀಟರ್ ಲೆಕ್ಕದ ನೋಟದ ಅಗಲ) ಎಂದಿದ್ದರೆ, 40ಎಕ್ಸ್‌ನಲ್ಲಿ ಕಾಣುವ ವೃತ್ತದ ಅಗಲ 18 ಭಾಗಿಸು 40, ಅಂದರೆ 0.45 ಮಿಲಿಮೀಟರ್ ಅಥವಾ 450 ಮೈಕ್ರಾನ್. ಚೀಲ ಆ ಅಗಲದ ಹತ್ತನೇ ಒಂದು ಪಾಲು ಇದ್ದರೆ 45 ಮೈಕ್ರಾನ್. ಫೋಟೋ ಹಾಕುವಾಗ ಆಬ್ಜೆಕ್ಟಿವ್ ಯಾವುದು, ಬಣ್ಣ ಹಾಕಿದ್ದೀರೋ ಇಲ್ಲವೋ ಬರೆಯಿರಿ. ವೃತ್ತ ಪೂರ್ತಿ ಬರಲಿ, ಕತ್ತರಿಸಬೇಡಿ.