ಊಟ-ತಿಂಡಿ ಪ್ರಶ್ನೋತ್ತರ: ನಾಲ್ಕೂವರೆ ಸ್ಟಾರ್ ಹೋಟೆಲಿನ ಇಡ್ಲಿ ಯಾಕೆ ಅಂಟಂಟು?

ಬೆಂಗಳೂರಿನಲ್ಲಿ ಒಳ್ಳೆಯ ಹೋಟೆಲು ಹುಡುಕುವುದು, ತಿಂದದ್ದನ್ನು ಸರಿಯಾಗಿ ಅಳೆದು ನಾಲ್ಕು ಜನಕ್ಕೆ ಹೇಳುವುದು: ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇವುಗಳ ಸುತ್ತಲೇ ಇವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಆ್ಯಪಿನಲ್ಲಿ 4.5 ಸ್ಟಾರ್ ನೋಡಿ ಹೋದೆವು. ಇಡ್ಲಿ ಅಂಟಂಟು, ಸಾಂಬಾರು ನೀರು. ಸ್ಟಾರನ್ನು ನಂಬಲೇಬಾರದೇ?
ಓದುಗರು, ಬಸವೇಶ್ವರನಗರ

ನಂಬಬಹುದು, ಆದರೆ ಅದು ಹಳೇ ಲೆಕ್ಕ. ಹೋಟೆಲು ತೆರೆದಾಗ ಇದ್ದ ಭಟ್ಟರಿಗೆ ಬಿದ್ದ ಅಂಕ ಅವರು ಕೆಲಸ ಬಿಟ್ಟು ಹೋದ ಮೇಲೂ ಸರಾಸರಿಯಲ್ಲಿ ಕೂತೇ ಇರುತ್ತದೆ. ದರ್ಶಿನಿಗಳಲ್ಲಿ ದೋಸೆ ಭಟ್ಟರು ಬದಲಾದರೆಂದರೆ ಹೆಚ್ಚುಕಡಿಮೆ ಹೋಟೆಲೇ ಬದಲಾದಂತೆ. ಆದ್ದರಿಂದ ಮೊದಲು ವಿಮರ್ಶೆಗಳನ್ನು 'ಇತ್ತೀಚಿನವು ಮೊದಲು' ಎಂದು ಜೋಡಿಸಿಕೊಂಡು ಕಳೆದ ಎರಡು ಮೂರು ತಿಂಗಳದ್ದಷ್ಟೇ ಓದಿ. ಐದು ಸ್ಟಾರು, ಒಂದು ಸ್ಟಾರು ಎರಡನ್ನೂ ಪಕ್ಕಕ್ಕಿಟ್ಟು ಮೂರು ಸ್ಟಾರಿನವನ್ನು ಹುಡುಕಿ. 'ವಡೆ ಚೆನ್ನಾಗಿತ್ತು, ಕಾಫಿ ತಣ್ಣಗಿತ್ತು, ಕೂರಲು ಜಾಗವಿಲ್ಲ' ಎಂದು ಬರೆಯುವವರು ಅಲ್ಲೇ ಸಿಗುತ್ತಾರೆ.

ಐದು ಸ್ಟಾರ್ ಕೊಟ್ಟು ತಿಂಡಿಯ ಹೆಸರೇ ಹೇಳದೆ, 'ನಮಗೆ ಬಡಿಸಿದ ಇಂಥವರ ಸೇವೆ ಸೂಪರ್' ಎಂದು ಸಪ್ಲೈಯರ್ ಹೆಸರು ಮಾತ್ರ ಹೇಳುವ ವಿಮರ್ಶೆ ಸಾಲಾಗಿ ಕಂಡರೆ, ಬಿಲ್ ಕೊಡುವಾಗ ಫೋನ್ ಮುಂದೆ ಹಿಡಿದು ಬರೆಸಿಕೊಂಡದ್ದಿರಬೇಕು ಅಂದುಕೊಳ್ಳಿ. ಒಂದೇ ವಾರದಲ್ಲಿ ರಾಶಿ ಹೊಗಳಿಕೆ, ಬರೆದವರ ಖಾತೆಯಲ್ಲಿ ಅದೊಂದೇ ವಿಮರ್ಶೆ ಎಂದರೂ ಅಷ್ಟೇ. ಫೋಟೋಗಳಲ್ಲಿ ಹೋಟೆಲಿನವರು ಹಾಕಿದ್ದನ್ನು ಬಿಟ್ಟು ಗಿರಾಕಿಗಳು ತೆಗೆದದ್ದನ್ನು ನೋಡಿ. ದೋಸೆಯ ಬಣ್ಣ, ಚಟ್ನಿಯ ಗಟ್ಟಿತನ, ಮೆನು ಬೋರ್ಡಿನ ದರ ಎಲ್ಲವೂ ಅಲ್ಲಿ ಸುಳ್ಳಿಲ್ಲದೆ ಕಾಣುತ್ತವೆ. ಇನ್ನೊಂದು: ಕೆಲವು ಆ್ಯಪುಗಳಲ್ಲಿ ಕೂತು ತಿಂದವರ ಅಂಕ ಬೇರೆ, ಪಾರ್ಸೆಲ್ ತರಿಸಿದವರ ಅಂಕ ಬೇರೆ. ಯಾವುದನ್ನು ನೋಡುತ್ತಿದ್ದೀರಿ ಎಂಬುದು ಗೊತ್ತಿರಲಿ. ಹೆಸರು ಒಂದೇ ಆದರೂ ಜಯನಗರದ ಶಾಖೆಯ ಅಂಕ ವೈಟ್‌ಫೀಲ್ಡ್ ಶಾಖೆಗೆ ಅನ್ವಯಿಸುವುದಿಲ್ಲ.

ಮನೆ ಬದಲಾಯಿಸಿದ್ದೇವೆ. ಸುತ್ತಮುತ್ತ ಏಳೆಂಟು ದರ್ಶಿನಿಗಳಿವೆ. ಒಂದೇ ಭೇಟಿಯಲ್ಲಿ ಹೋಟೆಲಿನ ಯೋಗ್ಯತೆ ತಿಳಿಯಲು ಏನು ತಿನ್ನಬೇಕು?
ಓದುಗರು, ಯಲಹಂಕ ಉಪನಗರ

ಇಡ್ಲಿ, ಚಟ್ನಿ, ಕಾಫಿ. ಮೂರೇ ಸಾಕು, ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ.

ಇಡ್ಲಿಯನ್ನು ಚಮಚದಲ್ಲಿ ಕತ್ತರಿಸಬೇಡಿ, ಬೆರಳಲ್ಲಿ ಮುರಿಯಿರಿ. ಒಳಗೆ ರವೆಯ ಕಾಳು ಕಾಣಬೇಕು, ಬೆರಳಿಗೆ ಮೆತ್ತಿಕೊಳ್ಳಬಾರದು. ಬಣ್ಣ ನಸು ಹಳದಿಗೆ ತಿರುಗಿ ಸೋಪಿನ ವಾಸನೆ ಬಂದರೆ ಸೋಡಾ ಜಾಸ್ತಿ: ಹಿಟ್ಟು ಹುದುಗಲು ಬಿಡುವು ಕೊಡದೆ ಉಬ್ಬಿಸಿದ್ದಾರೆ. ಅಂಟಂಟಾಗಿದ್ದರೆ ಹಿಟ್ಟು ನೀರಾಗಿರಬಹುದು, ಅನ್ನ ಹೆಚ್ಚು ಸೇರಿಸಿ ರುಬ್ಬಿರಬಹುದು. ಮೇಲ್ಮೈ ಮಾತ್ರ ಒದ್ದೆಯಾಗಿದ್ದರೆ ಅದು ಹಿಟ್ಟಿನ ತಪ್ಪಲ್ಲ. ಮೇಲಿನ ತಟ್ಟೆಯಿಂದ ಹಬೆ ನೀರು ತೊಟ್ಟಿಕ್ಕಿದೆ, ಅಥವಾ ಇಳಿಸಿದ ಮೇಲೆ ಒಂದು ನಿಮಿಷ ಆರಲು ಬಿಡದೆ ತೆಗೆದಿದ್ದಾರೆ. ಅಡುಗೆ ಮನೆ ಕಾಣುವಂತಿದ್ದರೆ ತಟ್ಟೆಯ ಮೇಲೆ ಹಾಸಿದ್ದು ಬಟ್ಟೆಯೋ ಪ್ಲಾಸ್ಟಿಕ್ಕೋ ನೋಡಿಬಿಡಿ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದದ್ದು ರಾಜ್ಯದ ಆರೋಗ್ಯ ಇಲಾಖೆಯ ತಪಾಸಣೆಯಲ್ಲಿ ಸಿಕ್ಕಿಬಿದ್ದದ್ದು 2025ರ ಫೆಬ್ರವರಿಯಲ್ಲಿ. ಬಿಸಿ ಹಬೆಗೆ ಪ್ಲಾಸ್ಟಿಕ್ ಹಿಡಿಯುವ ಕಡೆ ಎರಡನೇ ಸಲ ಹೋಗುವ ಮಾತೇ ಬೇಡ.

ಚಟ್ನಿಯೇ ನಿಜವಾದ ಪರೀಕ್ಷೆ, ಏಕೆಂದರೆ ಹೋಟೆಲಿನವರು ದುಡ್ಡು ಉಳಿಸುವುದು ಅಲ್ಲೇ. ತೆಂಗಿನಕಾಯಿ ದುಬಾರಿಯಾದ ಕೂಡಲೇ ಹುರಿಗಡಲೆ ಏರುತ್ತದೆ. ಸ್ವಲ್ಪ ಹುರಿಗಡಲೆ ಇರುವುದು ತಪ್ಪೇನಲ್ಲ, ಚಟ್ನಿಗೆ ಮೈ ಕೊಡುತ್ತದೆ. ಹೆಚ್ಚಾದರೆ ನಾಲಿಗೆಗೆ ಹಿಟ್ಟುಹಿಟ್ಟು, ತಟ್ಟೆಯಲ್ಲಿ ಐದು ನಿಮಿಷಕ್ಕೇ ಅಂಚು ಒಣಗುತ್ತದೆ. ಅದಕ್ಕೆ ಮತ್ತೆ ನೀರು ಬೆರೆಸಿದ್ದರೆ ಸುತ್ತ ತಿಳಿನೀರಿನ ಉಂಗುರ ಬಿಟ್ಟುಕೊಳ್ಳುತ್ತದೆ. ಹಸಿ ಕಾಯಿಯ ಚಟ್ನಿಯಲ್ಲಿ ಕೊನೆಗೊಂದು ನಸುಸಿಹಿ ಉಳಿಯಬೇಕು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರೇ ಇಲ್ಲ, ಇಡ್ಲಿ-ವಡೆಗೆ ಚಟ್ನಿ ಮಾತ್ರ. ಅಲ್ಲಿ ಒಮ್ಮೆ ತಿಂದು ಬನ್ನಿ, ಆಮೇಲೆ ನಿಮ್ಮ ಬೀದಿಯ ಚಟ್ನಿ ಎಲ್ಲಿ ನಿಲ್ಲುತ್ತದೆ ಎಂದು ನಾವು ಹೇಳಬೇಕಾಗಿಲ್ಲ.

ಕಾಫಿಯನ್ನು ಸಕ್ಕರೆ ಇಲ್ಲದೆ ಕೇಳಿ, ಬೇಕಾದರೆ ಆಮೇಲೆ ಹಾಕಿಕೊಳ್ಳಿ. ಸಕ್ಕರೆ ಎಲ್ಲ ತಪ್ಪನ್ನೂ ಮುಚ್ಚುತ್ತದೆ. ಬಣ್ಣ ಕಡುಗಪ್ಪು, ಕಹಿ ಗಂಟಲಲ್ಲಿ ನಿಲ್ಲುತ್ತದೆ, ಘಮ ಮಾತ್ರ ಇಲ್ಲ ಎಂದರೆ ಚಿಕೋರಿ ಹೆಚ್ಚು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು ಎನ್ನುವುದು ನಿಯಮ; ಹಲವರು ಆ ಗೆರೆಯ ಅಂಚಿನಲ್ಲೇ ನಿಲ್ಲುತ್ತಾರೆ. ಬಣ್ಣವೂ ಇಲ್ಲ, ಕಹಿಯೂ ಇಲ್ಲ ಎಂದರೆ ಎರಡನೇ ಡಿಕಾಕ್ಷನ್. ಸೀದ ವಾಸನೆ ಬಂದರೆ ಹಾಲು ಬೆಳಗಿನಿಂದ ಅದೇ ಪಾತ್ರೆಯಲ್ಲಿ ಕುದಿಯುತ್ತಿದೆ.

ಅದೇ ಹೋಟೆಲು, ಅದೇ ಮಸಾಲೆ ದೋಸೆ. ಒಂದು ದಿನ ಗರಿಗರಿ, ಇನ್ನೊಂದು ದಿನ ಬಿಳಚಿಕೊಂಡು ಮೆತ್ತಗೆ. ಯಾಕೆ?
ಓದುಗರು, ವಿಜಯನಗರ

ಕಾವಲಿಯ ಬಿಸಿ. ದೊಡ್ಡ ಕಾವಲಿಯ ಮೇಲೆ ಒಂದೇ ಸಲಕ್ಕೆ ಎಂಟು ಹತ್ತು ದೋಸೆ ಹುಯ್ದರೆ ಬಿಸಿ ಕುಸಿಯುತ್ತದೆ. ಸರಿಯಾದ ಭಟ್ಟರು ಒಂದು ಸುತ್ತು ತೆಗೆದ ಮೇಲೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಬಿಸಿ ಮತ್ತೆ ಹದಕ್ಕೆ ಬರುವ ತನಕ ಕಾಯುತ್ತಾರೆ. ಭಾನುವಾರ ಒಂಬತ್ತೂವರೆಯ ನೂಕುನುಗ್ಗಲಿನಲ್ಲಿ ಕಾಯಲು ಯಾರಿಗೆ ಪುರುಸೊತ್ತು? ಬಿಸಿ ಸಾಲದ ಕಾವಲಿಯಲ್ಲಿ ದೋಸೆ ಬೇಯುತ್ತದೆ, ಕೆಂಪಾಗುವುದಿಲ್ಲ. ಬಿಸಿ ಮಿತಿಮೀರಿದರೆ ಉಲ್ಟಾ: ಹಿಟ್ಟು ಹರಡುವ ಮೊದಲೇ ಹಿಡಿದುಕೊಂಡು ನಡುವೆ ದಪ್ಪ, ಅಂಚಲ್ಲಿ ಸೀದು ಬರುತ್ತದೆ. ಹನ್ನೊಂದರ ಮೇಲೆ ಹೋದರೆ ಹಿಟ್ಟು ಹುಳಿಯೇರಿರುವ ಸಾಧ್ಯತೆಯೂ ಉಂಟು, ಏಪ್ರಿಲ್-ಮೇನಲ್ಲಂತೂ ಖಂಡಿತ. ವಾರದ ನಡುವೆ, ಏಳೂವರೆಯಿಂದ ಎಂಟೂವರೆಯೊಳಗೆ ತಿಂದು ನೋಡಿ. ಆಗಲೂ ಮೆತ್ತಗಿದ್ದರೆ ತಪ್ಪು ಜನಜಂಗುಳಿಯದ್ದಲ್ಲ.

ಒಂದು ದೋಸೆಯ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬೇಡಿ ಎಂದೂ ಹೇಳಬೇಕು. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ದೋಸೆ ದಪ್ಪ, ಹೊರಗೆ ಗರಿ, ಒಳಗೆ ಮೆತ್ತಗೆ. ಮಲ್ಲೇಶ್ವರದ ಸಿ.ಟಿ.ಆರ್.ನದ್ದು ಬೆಣ್ಣೆಯಲ್ಲಿ ಕೆಂಪಗೆ ಕಾದದ್ದು. ದಾವಣಗೆರೆ ಬೆಣ್ಣೆ ದೋಸೆಗೆ ಮಂಡಕ್ಕಿ ಸೇರಿಸಿ ರುಬ್ಬುತ್ತಾರೆ. ಬಣ್ಣ ತಿಳಿ, ಆಲೂಗಡ್ಡೆ ಪಲ್ಯ ಸಪ್ಪೆ, ಅದು ಹಾಗೇ ಇರಬೇಕು. 'ಪಲ್ಯಕ್ಕೆ ಅರಿಸಿನವೇ ಇಲ್ಲ' ಎಂದು ದಾವಣಗೆರೆ ದೋಸೆಗೆ ಎರಡು ಸ್ಟಾರ್ ಕೊಟ್ಟವರಿದ್ದಾರೆ!

ಮಿಲಿಟರಿ ಹೋಟೆಲಿಗೆ ಎಷ್ಟು ಹೊತ್ತಿಗೆ ಹೋಗಬೇಕು? ನಾಟಿ ಕೋಳಿ ಅಂತ ಫಾರಂ ಕೋಳಿ ಬಡಿಸಿದರೆ ಗೊತ್ತಾಗುತ್ತದೆಯೇ?
ಓದುಗರು, ಕಾಮಾಕ್ಷಿಪಾಳ್ಯ

ಮಧ್ಯಾಹ್ನ ಹನ್ನೆರಡೂವರೆಯೊಳಗೆ. ಮುದ್ದೆ ಇಳಿಸಿ ಇಪ್ಪತ್ತು ನಿಮಿಷ ಕಳೆದರೆ ಮೇಲೆ ಒಣ ಪೊರೆ ಕಟ್ಟುತ್ತದೆ. ಮುರಿದಾಗ ಒಳಗೆ ಒಣ ಹಿಟ್ಟಿನ ಗಂಟು ಸಿಕ್ಕರೆ ತಿರುವುವವರು ಅವಸರ ಮಾಡಿದ್ದಾರೆ. ಹಲ್ಲಿಗೆ ಅಂಟಿದರೆ ಬೆಂದಿಲ್ಲ. ನಾಟಿ ಕೋಳಿಯ ಮೂಳೆ ಗಟ್ಟಿ, ಚರ್ಮ ದಪ್ಪ, ಮಾಂಸವನ್ನು ಜಗಿದೇ ತಿನ್ನಬೇಕು. ತುಂಡು ತಾನಾಗಿ ಮೂಳೆಯಿಂದ ಕಳಚಿ ಬಿದ್ದರೆ, ಮೂಳೆ ಹಲ್ಲಿಗೆ ಸುಲಭವಾಗಿ ಪುಡಿಯಾದರೆ ಅದು ನಾಟಿಯಲ್ಲ.

ದೊನ್ನೆ ಬಿರಿಯಾನಿಗೂ ಇದೇ ಮಾತು. ಹಂಡೆ ಮುಚ್ಚಳ ತೆಗೆದ ಮೊದಲ ಒಂದು ಗಂಟೆಯೊಳಗೆ ಜೀರಿಗೆ ಸಾಂಬಾ ಅಕ್ಕಿ ಬಿಡಿಬಿಡಿಯಾಗಿರುತ್ತದೆ, ಆಮೇಲೆ ಅಡಿಯಲ್ಲಿ ಮುದ್ದೆ ಕಟ್ಟುತ್ತದೆ. ತುಂಡು ಪಕ್ಕಕ್ಕೆ ಸರಿಸಿ, ಶೇರ್ವ ಹಾಕಿಕೊಳ್ಳದೆ ಬರೀ ಅನ್ನವನ್ನು ಒಂದು ತುತ್ತು ತಿನ್ನಿ. ಕೊತ್ತಂಬರಿ-ಪುದೀನದ ಮಸಾಲೆ, ಮಾಂಸದ ರಸ ಎರಡೂ ಅನ್ನಕ್ಕೆ ಇಳಿದಿರಬೇಕು. ಬರೀ ಖಾರ ಹತ್ತಿದರೆ ಅನ್ನ ಬೇರೆ ಬೇಯಿಸಿ ಕಲಸಿದ್ದು.

ಕರಾವಳಿ ಹೋಟೆಲಿನಲ್ಲಿ ಜುಲೈನಲ್ಲೂ 'ಫ್ರೆಶ್ ಅಂಜಲ್' ಎಂದು ಬೋರ್ಡು ಹಾಕುತ್ತಾರೆ. ನಿಜವೇ?
ಓದುಗರು, ಕೋರಮಂಗಲ

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬರುವುದು ನಾಡದೋಣಿಯ ಅಲ್ಪಸ್ವಲ್ಪ ಮೀನು, ಮಂಜುಗಡ್ಡೆಯಲ್ಲಿ ಶೇಖರಿಸಿದ್ದು, ಇಲ್ಲವೇ ಪೂರ್ವ ಕರಾವಳಿಯದ್ದು (ಅಲ್ಲಿ ನಿಷೇಧ ಜೂನ್ 14ಕ್ಕೆ ಮುಗಿಯುತ್ತದೆ). ಆದ್ದರಿಂದ ಮಂಗಳೂರು ಕಡೆಯ ಮೀನಿನ ಹೋಟೆಲಿನ ಬಗ್ಗೆ ತೀರ್ಪು ಕೊಡುವುದಾದರೆ ಸೆಪ್ಟೆಂಬರಿನ ನಂತರ ಕೊಡಿ. ಮಳೆಗಾಲದಲ್ಲಿ ಅಲ್ಲಿಗೆ ಹೋದರೆ ನೀರುದೋಸೆ, ಕೋಳಿ ಸುಕ್ಕ ತಿನ್ನುವುದು ಜಾಣತನ.

ಕಬಾಬ್, ಗೋಬಿ ಮಂಚೂರಿ ಕೆಂಪಗಿದ್ದರೆ ಬಣ್ಣ ಹಾಕಿದ್ದಾರೆ ಅಂತಲೇ?
ಓದುಗರು, ಬನಶಂಕರಿ

ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಿದಾಗ ಕಂದಿ ಇಟ್ಟಿಗೆ ಬಣ್ಣಕ್ಕೆ ಬರುತ್ತದೆ. ಕರಿದ ಮೇಲೂ ಕುಂಕುಮದಂತೆ ಹೊಳೆಯುತ್ತಿದ್ದರೆ, ತಿಂದ ಮೇಲೆ ಬೆರಳು ತೊಳೆದರೂ ಗುಲಾಬಿ ಕಲೆ ಹೋಗದಿದ್ದರೆ ಬಣ್ಣವೇ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ, ಕಬಾಬಿಗೆ ಹಾಕುವುದನ್ನು ಅದೇ ವರ್ಷ ಜೂನ್‌ನಲ್ಲಿ ನಿಷೇಧಿಸಿದೆ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರು. ಕೊಡಲೇಬೇಕೇ? ಬಿಲ್ಲಿನಲ್ಲಿ ಇನ್ನೇನು ನೋಡಬೇಕು?
ಓದುಗರು, ಇಂದಿರಾನಗರ

ಬೇಕಾಗಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಇದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಲು ಹೇಳಿ, ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿ. ಮಾಮೂಲಿ ಹೋಟೆಲಿನಲ್ಲಿ ಜಿ.ಎಸ್‌.ಟಿ. ಶೇ. 5, ಎ.ಸಿ. ಇದ್ದರೂ ಅಷ್ಟೇ. ಕಾಂಪೊಸಿಷನ್ ಯೋಜನೆಯಲ್ಲಿರುವ (ಒಟ್ಟು ವಹಿವಾಟಿನ ಮೇಲೆ ತೆರಿಗೆಯನ್ನು ತಾವೇ ಕಟ್ಟುವ) ಸಣ್ಣ ಹೋಟೆಲುಗಳು ಗಿರಾಕಿಯಿಂದ ಜಿ.ಎಸ್‌.ಟಿ. ವಸೂಲಿ ಮಾಡುವಂತೆಯೇ ಇಲ್ಲ.

ಬಿಲ್ಲಿನಲ್ಲಿ 14 ಅಂಕಿಯ ಎಫ್.ಎಸ್.ಎಸ್.ಎ.ಐ. ಸಂಖ್ಯೆ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಅಥವಾ ನೋಂದಣಿ ಸಂಖ್ಯೆ, ಇರಬೇಕು. ಪಾರ್ಸೆಲ್ ಆ್ಯಪಿನಲ್ಲೂ ಮೆನುವಿನ ತೀರಾ ಕೆಳಗೆ ಅದು ಸಿಗುತ್ತದೆ, ಅಲ್ಲೊಂದು ಉಪಯೋಗವಿದೆ. 'ಆಂಧ್ರ ಮೆಸ್', 'ಚೈನೀಸ್ ವೋಕ್', 'ಬಿರಿಯಾನಿ ಮನೆ' ಎಂಬಂಥ ಮೂರು ಹೆಸರಿನ ಅಡಿಯಲ್ಲೂ ಅದೇ ಸಂಖ್ಯೆ, ಅದೇ ವಿಳಾಸ ಕಂಡರೆ ಅದು ಒಂದೇ ಕ್ಲೌಡ್ ಕಿಚನ್ (ಕೂತು ತಿನ್ನಲು ಜಾಗವಿಲ್ಲದ, ಪಾರ್ಸೆಲಿಗಷ್ಟೇ ಅಡುಗೆ ಮಾಡುವ ಕಡೆ). ಅದರಿಂದ ಊಟ ಕೆಟ್ಟದ್ದು ಎಂದೇನಲ್ಲ. ಆದರೆ ಒಂದು ಹೆಸರಲ್ಲಿ ಮೋಸ ಹೋಗಿ ಇನ್ನೊಂದು ಹೆಸರಲ್ಲಿ ಮತ್ತೆ ಅಲ್ಲಿಂದಲೇ ತರಿಸುವುದು ತಪ್ಪುತ್ತದೆ.

ನಾನೂ ವಿಮರ್ಶೆ ಬರೆಯಬೇಕೆಂದಿದ್ದೇನೆ. ಹೇಗೆ ಬರೆದರೆ ಓದುವವರಿಗೆ ಉಪಯೋಗ? ಕೆಟ್ಟದ್ದು ಬರೆದರೆ ಕೇಸು ಹಾಕುತ್ತಾರೆಯೇ?
ಓದುಗರು, ಜೆ.ಪಿ. ನಗರ

ಎರಡು ಸಲ, ಬೇರೆ ಬೇರೆ ಹೊತ್ತಿನಲ್ಲಿ ತಿಂದ ಮೇಲೆ ಬರೆಯಿರಿ. ಶಾಖೆ, ವಾರ, ಗಂಟೆ, ತಿಂದ ಪದಾರ್ಥ, ದರ ಇಷ್ಟು ಮೊದಲ ಎರಡು ಸಾಲಿನಲ್ಲೇ ಬರಲಿ. 'ಬುಧವಾರ ಬೆಳಿಗ್ಗೆ 8.15, ಎರಡು ಇಡ್ಲಿ ಒಂದು ವಡೆ, ಟೋಕನ್ ಕೊಟ್ಟು ಆರು ನಿಮಿಷಕ್ಕೆ ಬಂತು, ವಡೆ ಒಳಗೆ ಹಸಿ' ಎಂದರೆ ಓದಿದವರಿಗೆ ಎಲ್ಲ ಗೊತ್ತಾಯಿತು. 'ಬಾಯಲ್ಲಿ ಕರಗುವ', 'ಸ್ವರ್ಗೀಯ ರುಚಿ' ಎಂದರೆ ಏನೂ ಗೊತ್ತಾಗಲಿಲ್ಲ. ಮೊದಲ ಫೋಟೋ ತಟ್ಟೆ ಬಂದ ಕೂಡಲೇ, ಎರಡನೆಯದು ದೋಸೆ ಮುರಿದ ಮೇಲೆ. ದೋಸೆ, ವಡೆ, ಪೂರಿಗಳನ್ನು ಪಾರ್ಸೆಲ್ ತರಿಸಿ ವಿಮರ್ಶೆ ಮಾಡಬೇಡಿ. ಡಬ್ಬಿಯ ಹಬೆಗೆ ಹತ್ತು ನಿಮಿಷದಲ್ಲಿ ಯಾವ ಗರಿಯೂ ಉಳಿಯುವುದಿಲ್ಲ. ಬಿಸಿಬೇಳೆಬಾತ್, ಪೊಂಗಲ್, ಪಲಾವ್ ತರಿಸಿ ಬರೆದರೆ ಅನ್ಯಾಯವಿಲ್ಲ. ಹೋಟೆಲಿನವರು ಬಿಟ್ಟಿಯಾಗಿ ತಿನ್ನಿಸಿದ್ದರೆ ಅದನ್ನು ಬರೆಯಲೇಬೇಕು, ಮರೆಮಾಚಬಾರದು.

ಕೇಸಿನ ಮಾತು. ನೀವು ಕಂಡದ್ದನ್ನು, ದಿನಾಂಕದ ಸಮೇತ, ಬಿಲ್ಲು ಮತ್ತು ಫೋಟೋ ಇಟ್ಟುಕೊಂಡು ಬರೆದರೆ ಹೆದರಬೇಕಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನನಷ್ಟದಲ್ಲೂ ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ ವಿನಾಯಿತಿ ಇದೆ. 'ಸಾಂಬಾರಿನಲ್ಲಿ ಕೂದಲಿತ್ತು, ಮ್ಯಾನೇಜರ್‌ಗೆ ತೋರಿಸಿದೆವು, ಬದಲಿಸಿ ಕೊಟ್ಟರು' ಎಂಬುದು ಕಂಡದ್ದು. 'ಇವರು ನಿನ್ನೆಯ ಸಾಂಬಾರನ್ನೇ ಬಿಸಿ ಮಾಡಿ ಹಾಕುತ್ತಾರೆ' ಎಂಬುದು ಊಹೆ, ಅದನ್ನು ಬರೆಯಬೇಡಿ. ಹೊಟ್ಟೆ ಕೆಟ್ಟಿದ್ದರೆ ವಿಮರ್ಶೆಗಿಂತ ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರದ 1800112100ಕ್ಕೆ ದೂರು ಕೊಡಿ.

ಊರಿಂದ ನೆಂಟರು ಶುಕ್ರವಾರ ಬರುತ್ತಿದ್ದಾರೆ, ಒಂದೇ ಬೆಳಗು. ಬಸವನಗುಡಿಯಲ್ಲಿ ಎಲ್ಲಿಗೆ ಕರೆದೊಯ್ಯಲಿ?
ಓದುಗರು, ನಾಗರಬಾವಿ

ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ನೆನಪಿರಲಿ. ಏಳೂವರೆಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ-ವಡೆ, ಖಾರಾಬಾತ್. ಅಲ್ಲಿ ನಿಂತೇ ತಿನ್ನಬೇಕು, ವಯಸ್ಸಾದವರಿದ್ದರೆ ಮೊದಲೇ ಹೇಳಿಬಿಡಿ. ಅಲ್ಲಿಂದ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಆಟೋದಲ್ಲಿ ಹೋಗಿ ಕೂತು ರವೆ ಇಡ್ಲಿ, ಕಾಫಿ. ಒಂಬತ್ತರ ಮೇಲೆ ಕಾಯಬೇಕಾಗುತ್ತದೆ, ಬಾಗಿಲಲ್ಲಿ ಹೆಸರು ಬರೆಸಿಯೇ ಮುಂದಿನ ಮಾತು.